ಬಂದರು ದಾಟಿ ಬಂದ ಕಾಳಿನ ಮೇಲೆ ಕಣ್ಣಿರಲಿ

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲೂಕುಗಳ ಬೇಳೆಕಾಳು ಬೆಳೆಗಾರರು, ಎಪಿಎಂಸಿ ಅಡತ್ ವರ್ತಕರು, ದಾಲ್ ಮಿಲ್ ಮಾಲೀಕರು, ಗೋದಾಮು ನೌಕರರು, ಹಮಾಲರು ಮತ್ತು ಲಾರಿ ಚಾಲಕರಿಗೆ ಬಹಿರಂಗ ಪತ್ರ

ವಿಷಯ: ಆಮದು ಕಾಳಿನ ಜೊತೆ ಕೀಟ, ಕಳೆ, ರೋಗ ಬಾರದಂತೆ ತಡೆಯುವ ನಿಯಮಗಳು ಮತ್ತು ಅವುಗಳಲ್ಲಿ ಈ ಎರಡು ತಾಲೂಕುಗಳ ಪಾಲು



ಹೊರದೇಶದಿಂದ ಬರುವ ಕಾಳು, ಬೀಜ, ಸಸಿ, ಕಟ್ಟಿಗೆಗಳ ಜೊತೆ ಇಲ್ಲಿಲ್ಲದ ಕೀಟ, ರೋಗಾಣು, ಕಳೆಬೀಜಗಳು ಒಳಗೆ ಬಾರದಂತೆ ತಡೆಯುವ ಕಾನೂನಿನ ವ್ಯವಸ್ಥೆಯೇ ಸಸ್ಯ ಕ್ವಾರಂಟೈನ್. ಇದರ ಮೊದಲ ತಪಾಸಣೆ ಬಂದರಿನಲ್ಲಿ ನಡೆಯುತ್ತದೆ. ಆದರೆ ಬಂದರಿನಲ್ಲಿ ತೆಗೆಯುವ ಮಾದರಿ ಸಾವಿರಾರು ಚೀಲಗಳ ಪೈಕಿ ಕೆಲವು ಚೀಲಗಳದ್ದು ಮಾತ್ರ. ಅಲ್ಲಿ ಕಣ್ತಪ್ಪಿದ್ದು ಮತ್ತೆ ಕಣ್ಣಿಗೆ ಬೀಳುವುದು ಚೀಲ ಬಿಚ್ಚುವ ಜಾಗದಲ್ಲಿ, ಅಂದರೆ ಗೋದಾಮಿನಲ್ಲಿ, ಮಿಲ್ಲಿನ ಜರಡಿಯ ಮೇಲೆ, ಅಡತ್ ಅಂಗಡಿಯ ಕಟ್ಟೆಯ ಮೇಲೆ. ಆದ್ದರಿಂದ ನಿಯಮದ ಅರ್ಧ ಕೆಲಸ ಬಂದರಿನ ಅಧಿಕಾರಿಗಳದ್ದಾದರೆ ಉಳಿದರ್ಧ ಒಳನಾಡಿನ ಊರುಗಳದ್ದು. ಆ ಉಳಿದರ್ಧದ ವಿವರ ಬಲ್ಲವರು ಕಡಿಮೆ ಎಂಬುದೇ ಈ ಪತ್ರಕ್ಕೆ ಕಾರಣ.

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲೂಕುಗಳ ಹೊಲಗಳಲ್ಲಿ ಮುಂಗಾರಿಗೆ ಹೆಸರು, ಉದ್ದು, ಸೋಯಾಬೀನ್, ತೊಗರಿ ಬೀಳುತ್ತವೆ. ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ. ಪುಣೆ, ಸೊಲ್ಲಾಪುರ, ಉಮರ್ಗಾ ದಾಟಿ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಬಸವಕಲ್ಯಾಣದ ಪಕ್ಕದಲ್ಲೇ ಸಾಗಿ ಹುಮನಾಬಾದಿನ ಮೂಲಕ ಹಾದುಹೋಗುತ್ತದೆ. ಹುಮನಾಬಾದಿನಲ್ಲಿ ಕಲಬುರಗಿ ಮತ್ತು ಬೀದರ್ ಕಡೆಯ ರಸ್ತೆ ಇದನ್ನು ಕೂಡುತ್ತದೆ. 2017ರ ಅಕ್ಟೋಬರಿನಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ಪೂರ್ಣವಾಗಿ ತೆರೆದ ಮೇಲೆ ಹಳಿಯ ಸಂಪರ್ಕವೂ ಸಿಕ್ಕಿತು. ಒಂದು ಕಡೆ ಲಾತೂರು, ಸೊಲ್ಲಾಪುರದ ಬೇಳೆ ಪೇಟೆ, ಇನ್ನೊಂದು ಕಡೆ ಕಲಬುರಗಿಯ ದಾಲ್ ಮಿಲ್ಲುಗಳು, ಮತ್ತೊಂದು ಕಡೆ ಹೈದರಾಬಾದ್. ಮುಂಬೈ ಮತ್ತು ನ್ಹಾವಾ ಶೇವಾ ಬಂದರುಗಳಲ್ಲಿ ಇಳಿದ ಕಾಳು ಈ ದಾರಿ ಹಿಡಿದರೆ ಒಂದೆರಡು ದಿನದಲ್ಲಿ ಇಲ್ಲಿಗೆ ತಲುಪುತ್ತದೆ. ಅದು ಹಾದುಹೋಗುವ ದಾರಿಯ ಎರಡೂ ಬದಿಗೆ ಅದೇ ಜಾತಿಯ ಬೆಳೆ ನಿಂತಿರುತ್ತದೆ.

ಭಾರತ ಜಗತ್ತಿನಲ್ಲೇ ಅತಿ ಹೆಚ್ಚು ಬೇಳೆಕಾಳು ಬೆಳೆಯುವ ದೇಶ. ಅತಿ ಹೆಚ್ಚು ತಿನ್ನುವ ಮತ್ತು ಆಮದು ಮಾಡುವ ದೇಶವೂ ಹೌದು. 2015ರಲ್ಲಿ ತೊಗರಿಬೇಳೆಯ ಚಿಲ್ಲರೆ ದರ ಕಿಲೋಗೆ 200 ರೂಪಾಯಿ ಮುಟ್ಟಿದಾಗ ಆಮದಿನ ಒತ್ತಡ ಹೆಚ್ಚಿತು. 2016ರಲ್ಲಿ ಮೊಜಾಂಬಿಕ್ ಜೊತೆ ಒಪ್ಪಂದವಾಗಿ, ಅಲ್ಲಿಂದ ತರುವ ತೊಗರಿಯ ಪ್ರಮಾಣವನ್ನು ವರ್ಷಕ್ಕೆ 2 ಲಕ್ಷ ಟನ್ನಿಗೆ ಏರಿಸಲು ನಿಶ್ಚಯವಾಯಿತು. 2021ರಲ್ಲಿ ಮಲಾವಿಯಿಂದ ವರ್ಷಕ್ಕೆ 50 ಸಾವಿರ ಟನ್ ತೊಗರಿ, ಮ್ಯಾನ್ಮಾರಿನಿಂದ 1 ಲಕ್ಷ ಟನ್ ತೊಗರಿ ಮತ್ತು 2.5 ಲಕ್ಷ ಟನ್ ಉದ್ದು ತರುವ ಒಪ್ಪಂದಗಳಾದವು. ತಾಂಜಾನಿಯಾದ ತೊಗರಿ, ಆಸ್ಟ್ರೇಲಿಯಾದ ಕಡಲೆ, ಕೆನಡಾದ ಬಟಾಣಿ ಮತ್ತು ಮಸೂರ ಇವಕ್ಕೆ ಸೇರುತ್ತವೆ. ಆಫ್ರಿಕಾದ ತೊಗರಿ ಇಲ್ಲಿನ ಪೇಟೆಗೆ ಬರುವುದು ಹೆಚ್ಚಾಗಿ ಮಳೆಗಾಲದ ಕೊನೆಗೆ. ಸ್ಥಳೀಯ ತೊಗರಿಯ ರಾಶಿ ಡಿಸೆಂಬರ್, ಜನವರಿಯ ಮಾತು. ನಡುವಿನ ತಿಂಗಳುಗಳಲ್ಲಿ ಮಿಲ್ಲು ನಡೆಯಲು ಆಮದು ಕಾಳೇ ಆಸರೆ. ಆಮದು ಬೇಕೇ ಬೇಡವೇ ಎಂಬುದು ದರ ಮತ್ತು ನೀತಿಯ ಚರ್ಚೆ. ಕಾಳು ಬಂದ ಮೇಲೆ ಅದರ ಜೊತೆ ಏನು ಬಂದಿದೆ ಎಂದು ನೋಡುವುದು ಬೇರೆಯೇ ಕೆಲಸ. ದರ ಏನೇ ಇರಲಿ, ಆ ಕೆಲಸ ತಪ್ಪುವಂತಿಲ್ಲ.

ಭಾರತದಲ್ಲಿ ಈ ಕೆಲಸ ಶುರುವಾದದ್ದು ಹತ್ತಿಯಿಂದ. ಅಮೆರಿಕದ ಹತ್ತಿ ಹೊಲಗಳನ್ನು ಮೆಕ್ಸಿಕೋ ಮೂಲದ ಕಾಯಿ ಮೂತಿಹುಳು ಹಾಳುಗೆಡವುತ್ತಿದ್ದ ಕಾಲದಲ್ಲಿ, ಆ ಹುಳು ಹತ್ತಿಯ ಬೇಲಿನೊಳಗೆ ಕುಳಿತು ಇಲ್ಲಿಗೂ ಬಂದೀತೆಂಬ ಭಯವಿತ್ತು. 1906ರಲ್ಲಿ ಬೊಂಬಾಯಿ ಬಂದರಿಗೆ ಬರುವ ಅಮೆರಿಕದ ಹತ್ತಿಗೆ ಹೊಗೆ ಹಾಕುವುದನ್ನು, ಅಂದರೆ ವಿಷಾನಿಲದ ಉಪಚಾರವನ್ನು, ಕಡ್ಡಾಯ ಮಾಡಲಾಯಿತು. 1914ರಲ್ಲಿ ವಿನಾಶಕಾರಿ ಕೀಟ ಮತ್ತು ಪಿಡುಗುಗಳ ಕಾಯಿದೆ ಬಂತು. ನೂರು ವರ್ಷ ದಾಟಿದರೂ ಆ ಮೂತಿಹುಳು ಭಾರತದಲ್ಲಿ ನೆಲೆಯೂರಿಲ್ಲ. ಕಲ್ಯಾಣ ಕರ್ನಾಟಕದ ಹತ್ತಿ ಬೆಳೆಗಾರರ ಕಷ್ಟಗಳ ಪಟ್ಟಿಯಲ್ಲಿ ಈ ಒಂದು ಹೆಸರು ಇಲ್ಲದಿರುವುದಕ್ಕೆ ಬಂದರಿನ ಕಟ್ಟುನಿಟ್ಟಿನ ಪಾಲೂ ಇದೆ. ತಡೆ ಗೆದ್ದಾಗ ಏನೂ ಆಗುವುದಿಲ್ಲ. ಆದ್ದರಿಂದಲೇ ಅದರ ಬೆಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಜಾರಿಯಲ್ಲಿರುವುದು 1914ರ ಕಾಯಿದೆಯ ಅಡಿಯಲ್ಲಿ ಹೊರಡಿಸಿದ 2003ರ ಸಸ್ಯ ಕ್ವಾರಂಟೈನ್ ಆದೇಶ. 1989ರ ಹಳೆಯ ಆದೇಶದ ಜಾಗಕ್ಕೆ ಇದು ಬಂತು. ಕೇಂದ್ರ ಕೃಷಿ ಸಚಿವಾಲಯದ ಸಸ್ಯ ಸಂರಕ್ಷಣೆ, ಕ್ವಾರಂಟೈನ್ ಮತ್ತು ಸಂಗ್ರಹಣಾ ನಿರ್ದೇಶನಾಲಯ ಇದನ್ನು ಜಾರಿ ಮಾಡುತ್ತದೆ. ಇದರ ಕೇಂದ್ರ ಕಚೇರಿ ಹರಿಯಾಣದ ಫರೀದಾಬಾದಿನಲ್ಲಿದೆ. ಕರ್ನಾಟಕದಲ್ಲಿ ಮಂಗಳೂರು ಮತ್ತು ಬೆಂಗಳೂರಿನಲ್ಲಿ ಸಸ್ಯ ಕ್ವಾರಂಟೈನ್ ಕೇಂದ್ರಗಳಿವೆ. ಆದೇಶದ ಅನುಸೂಚಿಗಳು ಸರಕನ್ನು ವಿಂಗಡಿಸುತ್ತವೆ: ಕೆಲವು ದೇಶಗಳಿಂದ ಪೂರ್ತಿ ನಿಷೇಧವಾದವು, ಅಧಿಕೃತ ಸಂಸ್ಥೆಗಳು ಮಾತ್ರ ತರಬಹುದಾದವು, ಹೆಚ್ಚುವರಿ ಘೋಷಣೆ ಮತ್ತು ಷರತ್ತುಗಳೊಡನೆ ಬರಬಹುದಾದವು, ತಿನ್ನಲು ಅಥವಾ ಕಾರ್ಖಾನೆಯ ಬಳಕೆಗೆಂದು ಬರುವವು. ಕ್ವಾರಂಟೈನ್ ಕಳೆಗಳಿಗೆ ಬೇರೆಯದೇ ಅನುಸೂಚಿ ಇದೆ. ಮಣ್ಣು ಮೆತ್ತಿದ ಸರಕಿಗೆ, ಹುಲ್ಲು ತುಂಬಿದ ಪ್ಯಾಕಿಂಗಿಗೆ ಪ್ರವೇಶವಿಲ್ಲ.

ಒಂದು ಹಡಗಿನ ತೊಗರಿ ಒಳಬರುವ ಕ್ರಮ ಹೀಗಿದೆ. ಯಾವ ದೇಶದಿಂದ ಯಾವ ಕಾಳು ತಂದರೆ ಯಾವ ಕೀಟ ಬರಬಹುದು ಎಂಬ ಅಪಾಯದ ಅಂದಾಜನ್ನು ಮೊದಲೇ ಮಾಡಲಾಗಿರುತ್ತದೆ. ರಫ್ತು ಮಾಡುವ ದೇಶದ ಸರ್ಕಾರಿ ಸಸ್ಯ ಸಂರಕ್ಷಣಾ ಸಂಸ್ಥೆ ಸರಕನ್ನು ಪರೀಕ್ಷಿಸಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಕೊಡುತ್ತದೆ. 1951ರ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಡಂಬಡಿಕೆಯ ಸದಸ್ಯ ದೇಶಗಳೆಲ್ಲ ಒಪ್ಪಿದ ದಾಖಲೆ ಇದು. ಭಾರತ ಕೇಳಿದ ಹೆಚ್ಚುವರಿ ಘೋಷಣೆಗಳು ಮತ್ತು ಹೊಗೆ ಹಾಕಿದ ವಿವರ ಅದರಲ್ಲೇ ಇರಬೇಕು: ಯಾವ ಅನಿಲ, ಎಷ್ಟು ಪ್ರಮಾಣ, ಎಷ್ಟು ಹೊತ್ತು, ಎಷ್ಟು ಉಷ್ಣಾಂಶ. ಸರಕು ಇಳಿಯಬೇಕಾದದ್ದು ಆದೇಶದಲ್ಲಿ ಹೆಸರಿಸಿದ ಬಂದರು, ವಿಮಾನ ನಿಲ್ದಾಣ, ಗಡಿ ಠಾಣೆ ಅಥವಾ ಒಳನಾಡು ಕಂಟೇನರ್ ಡಿಪೋಗಳಲ್ಲಿ ಮಾತ್ರ.

ಇಳಿದ ಮೇಲೆ ಅಧಿಕಾರಿಗಳು ಕಾಗದ ನೋಡಿ, ಮಾದರಿ ತೆಗೆದು, ಜರಡಿ ಹಿಡಿದು, ಜೀವಂತ ಹುಳು, ಪೊರೆ, ಕಳೆಬೀಜ, ಮಣ್ಣು ಇವೆಯೇ ಎಂದು ಹುಡುಕುತ್ತಾರೆ. ಬೇಕಾದಲ್ಲಿ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಎಲ್ಲವೂ ಸರಿ ಇದ್ದರೆ ಬಿಡುಗಡೆ ಆದೇಶ ಸಿಗುತ್ತದೆ. ಹುಳು ಸಿಕ್ಕರೆ ಆಮದುದಾರನ ಖರ್ಚಿನಲ್ಲಿ ಮಾನ್ಯತೆ ಪಡೆದ ಸಂಸ್ಥೆಯಿಂದ ಹೊಗೆ ಹಾಕಿಸಿ, ಮತ್ತೆ ಪರೀಕ್ಷಿಸಬೇಕು. ಉಪಚಾರಕ್ಕೆ ಬಗ್ಗದ ಅಪಾಯವಿದ್ದರೆ ಸರಕು ಬಂದ ದಾರಿಯಲ್ಲೇ ವಾಪಸು, ಇಲ್ಲವೇ ನಾಶ. ಸರಕು ಹೊತ್ತ ಮರದ ಪೆಟ್ಟಿಗೆ ಮತ್ತು ಹಲಗೆಗಳಿಗೂ ನಿಯಮವಿದೆ: ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಬೇಕು, ಅಥವಾ ಮಾನ್ಯವಾದ ಬೇರೆ ಉಪಚಾರ ಪಡೆದು ಮುದ್ರೆ ಹೊತ್ತಿರಬೇಕು.

ತಿನ್ನುವ ಕಾಳಿಗೂ ಬಿತ್ತುವ ಬೀಜಕ್ಕೂ ಕಾನೂನು ಬೇರೆ ಬೇರೆ ಅಳತೆ ಇಟ್ಟಿದೆ. ಬೇಳೆ ಮಾಡಲು ಬಂದ ತೊಗರಿ ಒಡೆದು ಬೇಳೆಯಾದ ಮೇಲೆ ಮೊಳೆಯುವುದಿಲ್ಲ, ಆದ್ದರಿಂದ ಅದರ ತಪಾಸಣೆ ತುಸು ಸರಳ. ಬಿತ್ತನೆ ಬೀಜ ನೇರವಾಗಿ ಮಣ್ಣಿಗೆ ಬೀಳುವುದರಿಂದ ಅದರ ಪರೀಕ್ಷೆ ಅತಿ ಬಿಗಿ. ಇದಕ್ಕೆ ಸಾಕ್ಷಿ ಇಲ್ಲಿ ಹಾದುಹೋಗುವ ಹೆದ್ದಾರಿ 65ರ ಮೇಲೆಯೇ, ಹೈದರಾಬಾದಿಗೆ ಮುಂಚೆ ಸಿಗುವ ಪಟಾಂಚೆರುವಿನಲ್ಲಿದೆ. 1972ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್ ಅಲ್ಲಿ ತೊಗರಿ, ಕಡಲೆ, ಜೋಳ, ಶೇಂಗಾ ತಳಿಗಳ ಮೇಲೆ ಕೆಲಸ ಮಾಡುತ್ತದೆ. ವಿದೇಶದಿಂದ ಅದಕ್ಕೆ ಬರುವ ಬೀಜ ಕೆಲವೇ ಗ್ರಾಂ ಇದ್ದರೂ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋದ ಹೈದರಾಬಾದ್ ಕೇಂದ್ರದ ಕ್ವಾರಂಟೈನ್ ದಾಟಿಯೇ ಹೊಲಕ್ಕೆ ಹೋಗಬೇಕು. ಕಾಳಿನೊಳಗೆ ಅಡಗಿದ ಮರಿಹುಳುವನ್ನು ಎಕ್ಸ್-ರೇ ಹಿಡಿದು ನೋಡುವ ಪದ್ಧತಿಯೂ ಇದೆ. ವಿಜ್ಞಾನಿಗಳ ಹಿಡಿ ಬೀಜಕ್ಕೇ ಇಷ್ಟು ಕಾವಲಿರುವಾಗ, ತಿನ್ನಲು ಬಂದ ಚೀಲದಿಂದ ಎರಡು ಸೇರು ತೆಗೆದು ಬಿತ್ತುವುದು ಆ ಎಲ್ಲ ಕಾವಲನ್ನು ಒಂದೇ ಏಟಿಗೆ ಕಳಚಿದಂತೆ.

ತಡೆಯಬೇಕಾದ ಕೀಟಗಳಲ್ಲಿ ಜಗತ್ತೆಲ್ಲ ಹೆಚ್ಚು ಹೆದರುವುದು ಖಪ್ರಾ ದುಂಬಿಗೆ. ಟ್ರೊಗೊಡರ್ಮ ಗ್ರಾನೇರಿಯಂ ಎಂಬುದು ಇದರ ಶಾಸ್ತ್ರೀಯ ಹೆಸರು. ಇದರ ತವರು ಭಾರತ ಉಪಖಂಡವೇ ಎಂದು ತಿಳಿಯಲಾಗಿದೆ. ಪ್ರಾಯದ ದುಂಬಿ ಎರಡು ಮೂರು ಮಿಲಿಮೀಟರ್ ಉದ್ದದ ಕಂದು ಕಾಳಿನಷ್ಟು. ಹಾನಿ ಮಾಡುವುದು ಅದರ ಮರಿಹುಳು. ಗೋಣಿಚೀಲದ ಹೊಲಿಗೆಯನ್ನು ಬೆರಳಿನಿಂದ ಬಿಡಿಸಿ ನೋಡಿದರೆ ಅದು ಸಿಗುತ್ತದೆ: ಅರ್ಧ ಸೆಂಟಿಮೀಟರಿನಷ್ಟು ಉದ್ದ, ಹಳದಿ ಮಿಶ್ರಿತ ಕಂದು ಬಣ್ಣ, ಮೈತುಂಬ ನವಿರು ಕೂದಲು, ಬಾಲದ ತುದಿಯಲ್ಲಿ ಕೂದಲಿನ ಕುಚ್ಚು. ಅದರ ಸುತ್ತ ಕಳಚಿದ ಪೊರೆಗಳ ರಾಶಿ ಇರುತ್ತದೆ. ಹೊಟ್ಟಿನಂತೆ ಕಾಣುವ ಆ ಪೊರೆಗಳ ಕೂದಲು ಕಾಳಿನಲ್ಲಿ ಬೆರೆತರೆ ತಿನ್ನುವವರ ಆರೋಗ್ಯಕ್ಕೂ ಕೇಡು. ಆಹಾರ ಮುಗಿದರೆ ಮರಿಹುಳು ಗೋಡೆಯ ಬಿರುಕಿನಲ್ಲೋ ಹಲಗೆಯ ಸಂದಿಯಲ್ಲೋ ಸೇರಿ, ಬೆಳವಣಿಗೆ ನಿಲ್ಲಿಸಿ, ವರ್ಷಗಟ್ಟಲೆ ಉಪವಾಸ ಇರಬಲ್ಲದು. ಆ ಸ್ಥಿತಿಯಲ್ಲಿ ಔಷಧವೂ ಅದನ್ನು ಸುಲಭವಾಗಿ ಮುಟ್ಟುವುದಿಲ್ಲ. ಒಣ ಹವೆ, ಬಿರುಬಿಸಿಲು ಅದಕ್ಕೆ ಹಿತ. ಬೀದರ್ ಜಿಲ್ಲೆಯ ಏಪ್ರಿಲ್, ಮೇ ತಿಂಗಳು ಅದಕ್ಕೆ ಹೇಳಿಮಾಡಿಸಿದ ಕಾಲ.

ಖಪ್ರಾ ದುಂಬಿಗೆ ರೆಕ್ಕೆಗಳಿದ್ದರೂ ಅದು ಹಾರಿದ್ದನ್ನು ಕಂಡವರಿಲ್ಲ. ಒಂದು ಊರಿನಿಂದ ಇನ್ನೊಂದು ಊರಿಗೆ, ಒಂದು ಖಂಡದಿಂದ ಇನ್ನೊಂದಕ್ಕೆ ಅದನ್ನು ಒಯ್ದದ್ದು ಚೀಲ, ಲಾರಿ, ಹಡಗು, ಕಂಟೇನರ್. 1953ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದು ಪತ್ತೆಯಾದಾಗ ಇಡೀ ಗೋದಾಮುಗಳಿಗೇ ಹೊದಿಕೆ ಹೊದಿಸಿ ಹೊಗೆ ಹಾಕಬೇಕಾಯಿತು; ನಿರ್ಮೂಲನೆಗೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 2020ರಲ್ಲಿ ಆಸ್ಟ್ರೇಲಿಯಾದಲ್ಲಿ ಕಾಳಿಗೆ ಸಂಬಂಧವೇ ಇಲ್ಲದ ರೆಫ್ರಿಜರೇಟರಿನ ಪ್ಯಾಕಿಂಗಿನಲ್ಲಿ ಇದು ಸಿಕ್ಕಿತು. ಹಿಂದೊಮ್ಮೆ ಕಾಳು ಹೊತ್ತಿದ್ದ ಕಂಟೇನರಿನ ನೆಲದ ಸಂದಿಯಲ್ಲಿ ಉಳಿದ ಹುಳು ಮುಂದಿನ ಸರಕಿಗೆ ಹತ್ತುವುದು ಹೀಗೆ. ಆ ಬಳಿಕ ಆಸ್ಟ್ರೇಲಿಯಾ ಖಪ್ರಾ ಇರುವ ದೇಶಗಳ ಕಂಟೇನರುಗಳಿಗೆ ಉಪಚಾರ ಕಡ್ಡಾಯ ಮಾಡುತ್ತ ಬಂತು. ಪ್ರಯಾಣಿಕರ ಸಾಮಾನಿನಲ್ಲಿ, ಅಂಚೆಯಲ್ಲಿ ಅಕ್ಕಿ, ಕಡಲೆ ಮೊದಲಾದ ಕಾಳು ತರುವುದನ್ನು ನಿಲ್ಲಿಸಿತು. ಮೆಲ್ಬರ್ನಿನ ಮಗನಿಗೋ ಮಗಳಿಗೋ ಊರಿನ ಕಾಳು ಕಟ್ಟಿಕೊಡುವ ಮನೆಗಳು ಈ ನಿಯಮ ತಿಳಿದಿರಬೇಕು. ಅಮೆರಿಕವೂ ಖಪ್ರಾ ಇರುವ ದೇಶಗಳ ಬಳಸಿದ ಗೋಣಿಚೀಲಗಳ ಮೇಲೆ ನಿರ್ಬಂಧ ಇಟ್ಟಿದೆ.

ಭಾರತಕ್ಕೆ ಬಾರದಂತೆ ನೋಡಿಕೊಳ್ಳಬೇಕಾದವುಗಳಲ್ಲಿ ದೊಡ್ಡ ಕಾಳುಕೊರಕ ಮುಖ್ಯ. ಪ್ರೊಸ್ಟೆಫೆನಸ್ ಟ್ರಂಕೇಟಸ್ ಎಂಬ ಈ ದುಂಬಿ ಮೂಲತಃ ಮಧ್ಯ ಅಮೆರಿಕದ್ದು. 1980ರ ದಶಕದ ಆರಂಭದಲ್ಲಿ ತಾಂಜಾನಿಯಾದ ತಬೋರಾ ಪ್ರದೇಶದಲ್ಲಿ, 1984ರಲ್ಲಿ ಪಶ್ಚಿಮದ ಟೋಗೋದಲ್ಲಿ ಕಂಡು, ಅಲ್ಲಿಂದ ಆಫ್ರಿಕಾದ ಹಲವು ದೇಶಗಳಿಗೆ ಹಬ್ಬಿತು. ಮನೆಯ ಕಣಜದ ಮೆಕ್ಕೆಜೋಳದಲ್ಲಿ ಐದಾರು ತಿಂಗಳಿಗೆ ಮೂರರಲ್ಲೊಂದು ಪಾಲಿನಷ್ಟು ನಷ್ಟ ಅಲ್ಲಿ ದಾಖಲಾಗಿದೆ. ತೊಗರಿ ಇದರ ಮೆಚ್ಚಿನ ಮೇವಲ್ಲ. ಆದರೆ ಇದು ಮರವನ್ನೂ ಕೊರೆದು ಒಳಗೆ ಉಳಿಯಬಲ್ಲದು, ಆದ್ದರಿಂದ ತೊಗರಿ ಹೊತ್ತ ಕಂಟೇನರಿನ ಹಲಗೆಯೂ ಇದಕ್ಕೆ ಸಾರೋಟಾಗಬಹುದು. ಮೆಕ್ಕೆಜೋಳ ಕರ್ನಾಟಕದ ದೊಡ್ಡ ಬೆಳೆ. ತೊಗರಿಯ ದಾರಿಯಲ್ಲಿ ಬಂದ ಹುಳು ನೆರೆಹೊರೆಯ ಬೆಳೆಗೆ ಎರಗಿದರೆ ಹೊಣೆ ಹೊರುವವರು ಯಾರೂ ಇರುವುದಿಲ್ಲ. ರಾಜ್ಮಾ ಕಾಳಿನ ದುಂಬಿ, ಬಟಾಣಿಯ ದುಂಬಿ, ಕಾಂಡದ ಜಂತುಹುಳು ಇವುಗಳ ವಿಷಯದಲ್ಲೂ ಬೇಳೆಕಾಳಿನ ಆಮದಿನ ಮೇಲೆ ಎಚ್ಚರವಿಡಲಾಗಿದೆ.

ಕಳೆಬೀಜ ಎಂಥ ಕೇಡು ಮಾಡೀತು ಎಂಬುದಕ್ಕೆ ಈ ಭಾಗದ ಪ್ರತಿ ಬದುವಿನ ಮೇಲೂ ಪುರಾವೆ ನಿಂತಿದೆ. ಕಾಂಗ್ರೆಸ್ ಕಸ ಎಂದು ಕರೆಯುವ ಪಾರ್ಥೇನಿಯಂ 1955ರಲ್ಲಿ ಪುಣೆಯಲ್ಲಿ ಗಮನಕ್ಕೆ ಬಂತು. ಅಮೆರಿಕದಿಂದ ತಂದ ಗೋಧಿಯ ಜೊತೆ ಅದರ ಬೀಜ ಬಂದಿತೆಂಬುದು ಸಾಮಾನ್ಯವಾಗಿ ಒಪ್ಪಿದ ವಿವರಣೆ. ಒಂದು ಗಿಡ ಹತ್ತು ಹದಿನೈದು ಸಾವಿರ ಬೀಜ ಉದುರಿಸಬಲ್ಲದು. ಪುಣೆಯಿಂದ ಹೆದ್ದಾರಿ, ಹಳಿ, ಕಾಲುವೆಗಳ ಗುಂಟ ಅದು ದೇಶವನ್ನೇ ಆವರಿಸಿತು. ಬೆಳೆಯ ಇಳುವರಿ ತಗ್ಗಿತು, ದನದ ಮೇವು ಕೆಟ್ಟಿತು, ಕಳೆ ಕೀಳುವ ಹೆಣ್ಣುಮಕ್ಕಳ ಕೈಗೆ ತುರಿಕೆ, ಉಸಿರಿಗೆ ದಮ್ಮು ಬಂತು. ಇದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು 1983ರಲ್ಲಿ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಆ ದುಂಬಿಯಿಂದ ಸ್ವಲ್ಪ ಉಪಕಾರವಾಗಿದೆ, ಕಸ ಮಾತ್ರ ಹೋಗಿಲ್ಲ. ಇಂದಿನ ಕ್ವಾರಂಟೈನ್ ಕಳೆಗಳ ಪಟ್ಟಿಯಲ್ಲಿ ಆಫ್ರಿಕಾದ ಜೋಳದ ಬೇರಿಗೆ ಅಂಟಿ ಬದುಕುವ ಸ್ಟ್ರೈಗಾ ಹರ್ಮೊಂಥಿಕಾ ಇದೆ. ಅದು ಇಲ್ಲಿಗೆ ಬಂದರೆ ಹಿಂಗಾರಿ ಜೋಳದ ರೊಟ್ಟಿಗೇ ಕುತ್ತು.

ಹೊಸ ಕೀಟ ಒಮ್ಮೆ ಕಾಲೂರಿದರೆ ಸಮಯ ಎಷ್ಟು ಕಡಿಮೆ ಎಂಬುದನ್ನು ಕರ್ನಾಟಕ 2018ರಲ್ಲಿ ಕಂಡಿತು. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ಆ ವರ್ಷದ ಮೇ ತಿಂಗಳಲ್ಲಿ, ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಮುಂದಿನ ಹಂಗಾಮು ಮುಗಿಯುವ ಮೊದಲೇ ಅದು ಹಲವು ರಾಜ್ಯಗಳನ್ನು ಮುಟ್ಟಿತ್ತು. ಈ ಪತಂಗ ಗಾಳಿಯಲ್ಲಿ ಬಹುದೂರ ಹಾರುವಂಥದ್ದು, ಬಂದರಿನ ತಪಾಸಣೆ ಒಂದರಿಂದಲೇ ನಿಲ್ಲುವಂಥದ್ದಲ್ಲ. ಗೋದಾಮಿನ ಕೀಟಗಳು ಹಾಗಲ್ಲ. ಅವು ಬಹುಪಾಲು ಮನುಷ್ಯರು ಹೊತ್ತೊಯ್ದ ಕಡೆಗೆ ಹೋಗುತ್ತವೆ, ಆದ್ದರಿಂದ ಮನುಷ್ಯರು ಮನಸ್ಸು ಮಾಡಿದರೆ ಅವನ್ನು ತಡೆಯಬಹುದು.

ತಡೆಯ ಮುಖ್ಯ ಸಾಧನ ವಿಷಾನಿಲ. ಬಂದರಿನ ಕ್ವಾರಂಟೈನಿನಲ್ಲಿ ಬಹುಕಾಲ ನಡೆದುಬಂದದ್ದು ಮೀಥೈಲ್ ಬ್ರೋಮೈಡ್. ಬೇಳೆಕಾಳಿಗೆ ಭಾರತ ಸಾಮಾನ್ಯವಾಗಿ ಕೇಳುವ ಪ್ರಮಾಣ 21 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಉಷ್ಣಾಂಶದಲ್ಲಿ ಘನ ಮೀಟರಿಗೆ 32 ಗ್ರಾಂ, 24 ಗಂಟೆ. ಅದು ಓಝೋನ್ ಪದರಕ್ಕೆ ಹಾನಿಕರವೆಂದು ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಉಳಿದ ಬಳಕೆಗಳನ್ನು ಮುಂದುವರಿದ ದೇಶಗಳು 2005ರೊಳಗೆ, ಅಭಿವೃದ್ಧಿಶೀಲ ದೇಶಗಳು 2015ರೊಳಗೆ ಕೈಬಿಡಬೇಕೆಂದು ನಿಗದಿಯಾಯಿತು; ಕ್ವಾರಂಟೈನ್ ಮತ್ತು ರಫ್ತಿನ ಮುಂಚಿನ ಉಪಚಾರಕ್ಕೆ ವಿನಾಯಿತಿ ಉಳಿಯಿತು. ಒಳನಾಡಿನ ಗೋದಾಮುಗಳಲ್ಲಿ ನಡೆಯುವುದು ಫಾಸ್ಫೀನ್. ಅಲ್ಯೂಮಿನಿಯಂ ಫಾಸ್ಫೈಡಿನ 3 ಗ್ರಾಂ ಮಾತ್ರೆ ಗಾಳಿಯ ತೇವಕ್ಕೆ ಕರಗಿ ಸುಮಾರು 1 ಗ್ರಾಂ ಫಾಸ್ಫೀನ್ ಬಿಡುತ್ತದೆ. ಇದು ನಿಧಾನದ ಅನಿಲ. ಚೀಲಗಳ ಥಪ್ಪಿಯನ್ನು ಐದರಿಂದ ಏಳು ದಿನ ಗಾಳಿಯಾಡದಂತೆ ಮುಚ್ಚಿಡಬೇಕು.

ಫಾಸ್ಫೀನಿನಲ್ಲಿ ಆಗುವ ದೊಡ್ಡ ತಪ್ಪು ಮುಚ್ಚಿಗೆಯದ್ದು. ತೂತು ಬಿದ್ದ ತಾಡಪತ್ರಿ ಹೊದಿಸಿ, ಅಂಚಿಗೆ ಮರಳಿನ ಚೀಲ ಇಡದೆ, ಎರಡೇ ದಿನಕ್ಕೆ ತೆಗೆದರೆ ಪ್ರಾಯದ ದುಂಬಿ ಸಾಯುತ್ತದೆ, ಮೊಟ್ಟೆ ಮತ್ತು ಕೋಶ ಉಳಿಯುತ್ತವೆ. ಕಣ್ಣಿಗೆ ಸತ್ತ ಹುಳು ಕಾಣುವುದರಿಂದ ಕೆಲಸ ಆಯಿತೆನಿಸುತ್ತದೆ. ಉಳಿದವು ವಿಷವನ್ನು ತುಸು ತಾಳಿಕೊಳ್ಳುವ ಜಾತಿಯವು. ಅವುಗಳ ಸಂತಾನ ಇನ್ನಷ್ಟು ತಾಳಿಕೊಳ್ಳುತ್ತದೆ. ಫಾಸ್ಫೀನಿಗೆ ಬಗ್ಗದ ಕೀಟಗಳು ಇರುವುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) 1970ರ ದಶಕದ ಸಮೀಕ್ಷೆಯಲ್ಲೇ ತಿಳಿದಿತ್ತು. ಇಲ್ಲಿ ಈಗಾಗಲೇ ಇರುವ ಕೀಟವೇ ಹೊರಗಿನಿಂದ ಬಂದರೂ ಎಚ್ಚರ ಬೇಕೆನ್ನುವುದು ಇದಕ್ಕೇ: ಹೆಸರು ಅದೇ ಇರಬಹುದು, ಆದರೆ ಹೊರಗಿನ ಪೀಳಿಗೆ ಇಲ್ಲಿನ ಔಷಧಕ್ಕೆ ಬಗ್ಗದ್ದಾಗಿರಬಹುದು.

ಈ ಮಾತ್ರೆಗಳು ಮನುಷ್ಯರನ್ನೂ ಕೊಲ್ಲುತ್ತವೆ, ಫಾಸ್ಫೀನ್ ವಿಷಕ್ಕೆ ಪ್ರತಿವಿಷವಿಲ್ಲ. ಅಲ್ಯೂಮಿನಿಯಂ ಫಾಸ್ಫೈಡ್ ನಿರ್ಬಂಧಿತ ಬಳಕೆಯ ಔಷಧ. ಸರ್ಕಾರಿ ಸಂಸ್ಥೆಗಳು ಮತ್ತು ಪರಿಣತ ಕೀಟ ನಿಯಂತ್ರಣದವರು ಮಾತ್ರ, ಅಧಿಕಾರಿಗಳ ನಿಗಾದಲ್ಲಿ, ಅದನ್ನು ಬಳಸಬೇಕೆಂದು ನಿಯಮವಿದೆ. ಜನ ಮಲಗುವ ಮನೆಯಲ್ಲಿ, ಮನೆಗೆ ಅಂಟಿದ ಕೋಣೆಯಲ್ಲಿ, ಹಮಾಲರು ಕುಳಿತು ಊಟ ಮಾಡುವ ಗೋದಾಮಿನ ಮೂಲೆಯಲ್ಲಿ ಮಾತ್ರೆ ಇಡುವುದು ಪ್ರಾಣದ ಜೊತೆ ಆಟ. ಹೊಗೆ ಹಾಕಿದ ಥಪ್ಪಿಗೆ ಫಲಕ ಹಚ್ಚಬೇಕು, ಬಾಗಿಲಿಗೆ ಬೀಗ ಬೇಕು. ತೆರೆದ ಮೇಲೆ ಸಾಕಷ್ಟು ಹೊತ್ತು ಗಾಳಿಯಾಡಿದ ಬಳಿಕವೇ ಹಮಾಲರನ್ನು ಒಳಗೆ ಕಳಿಸಬೇಕು. ಹಮಾಲರ ಜೀವ ಉಳಿಸುವುದು ಕಾಳು ಉಳಿಸುವುದಕ್ಕಿಂತ ಮೊದಲ ಕೆಲಸ.

ಇನ್ನು ಊರಿನ ಪಾಲು. ಮಿಲ್ಲು ಮತ್ತು ಗೋದಾಮಿನವರು ಆಮದು ಕಾಳಿನ ಲಾಟು ಕೊಳ್ಳುವಾಗ ಬಿಡುಗಡೆ ಆದೇಶದ ನಕಲು ಮತ್ತು ಹೊಗೆ ಹಾಕಿದ ಪ್ರಮಾಣಪತ್ರದ ನಕಲು ಕೇಳಿ ಪಡೆಯಬೇಕು. ಆ ಲಾಟನ್ನು ಸ್ಥಳೀಯ ಕಾಳಿನ ಪಕ್ಕಕ್ಕೆ ಒಟ್ಟದೆ, ಗೋಡೆಯಿಂದ ದೂರಕ್ಕೆ, ಬೇರೆ ಥಪ್ಪಿಯಲ್ಲಿ ಇಡಬೇಕು. ಲಾಟು ಖಾಲಿಯಾದ ಮೇಲೆ ನೆಲ, ಗೋಡೆಯ ಬಿರುಕು, ಕಂಬದ ಬುಡ ಗುಡಿಸಿ, ಬಿರುಕುಗಳಿಗೆ ಸಿಮೆಂಟ್ ತುಂಬಬೇಕು. ಖಪ್ರಾ ಬದುಕುವುದೇ ಆ ಬಿರುಕಿನಲ್ಲಿ. ಹಳೆಯ ಬಾರದಾನವನ್ನು ಮತ್ತೆ ಮತ್ತೆ ಬಳಸುವುದು ಈ ಭಾಗದ ವ್ಯಾಪಾರದಲ್ಲಿ ರೂಢಿ. ಆಮದು ಕಾಳು ಬಂದ ಚೀಲಗಳನ್ನು ರೈತರಿಗೆ ರಾಶಿಯ ಹೊತ್ತಿಗೆ ಮಾರುವುದು ಹುಳುವನ್ನು ಮನೆಬಾಗಿಲಿಗೆ ಮುಟ್ಟಿಸಿದಂತೆ. ಲಾರಿಯವರು ಕಾಳು ಇಳಿಸಿದ ಮೇಲೆ ಹಲಗೆಯ ಸಂದಿ ಗುಡಿಸಿ, ಉದುರಿದ ಕಾಳನ್ನು ರಸ್ತೆ ಬದಿಗೆ ಚೆಲ್ಲದೆ, ಮಿಲ್ಲಿನ ಅಂಗಳದಲ್ಲೇ ಬಿಟ್ಟು ಹೋಗಬೇಕು.

ಹೆಚ್ಚು ಗಮನ ಬೇಕಾದದ್ದು ಜರಡಿ ಕಸಕ್ಕೆ. ಮಿಲ್ಲಿನಲ್ಲಿ ತೊಗರಿಯನ್ನು ಮೊದಲು ಜರಡಿ ಹಿಡಿದಾಗ ಕೆಳಗೆ ಬೀಳುವುದು ಮಣ್ಣು, ಕಡ್ಡಿ, ಒಡಕು ಕಾಳು, ಸಣ್ಣ ಕಳೆಬೀಜ. ಹುಳು ಇದ್ದರೆ ಅದೂ ಅಲ್ಲೇ. ಇದನ್ನು ಬೇಳೆ ಮಾಡುವಾಗ ಉಳಿಯುವ ಹೊಟ್ಟು-ನುಚ್ಚಾದ ಚುನ್ನಿಯ ಜೊತೆ ಬೆರೆಸಿ ದನದ ದಾಣಿಗೆ ಮಾರಿದರೆ ಗಟ್ಟಿ ಸಿಪ್ಪೆಯ ಕಳೆಬೀಜ ದನದ ಹೊಟ್ಟೆಯಲ್ಲಿ ಅರಗದೆ, ಸಗಣಿಯಲ್ಲಿ ಬಂದು, ತಿಪ್ಪೆಯ ಗೊಬ್ಬರದೊಡನೆ ಹೊಲ ಸೇರುತ್ತದೆ. ಆಮದು ಲಾಟಿನ ಜರಡಿ ಕಸವನ್ನು ಬೇರೆ ತೆಗೆದಿಟ್ಟು ಸುಡಬೇಕು, ಅಥವಾ ಕಳೆಬೀಜ ಮೊಳೆಯದಷ್ಟು ನುಣ್ಣಗೆ ಬೀಸಬೇಕು. ಮಿಲ್ಲಿನ ಹಿಂದಿನ ಖಾಲಿ ಜಾಗ, ಗೋದಾಮಿನ ಸುತ್ತ, ರೈಲು ನಿಲ್ದಾಣದ ಸರಕು ಕಟ್ಟೆಯ ಬಳಿ ಮಳೆಗಾಲದಲ್ಲಿ ಕಂಡರಿಯದ ಗಿಡ ಎದ್ದರೆ ಹೂ ಬಿಡುವ ಮೊದಲೇ ಕಿತ್ತು ಕೃಷಿ ಇಲಾಖೆಯವರಿಗೆ ತೋರಿಸಬೇಕು.

ಬೆಳೆಗಾರರ ಪಾಲು ಒಂದೇ ಮಾತಿನಲ್ಲಿ ಹೇಳಬಹುದಾದದ್ದು: ತಿನ್ನಲು ಬಂದ ವಿದೇಶಿ ಕಾಳನ್ನು ಬಿತ್ತಬಾರದು. ಕಾಳು ದಪ್ಪವಾಗಿದೆ, ದರ ಅಗ್ಗ ಎಂಬ ಆಸೆ ಸಹಜ. ಆದರೆ ಈ ಸೀಮೆಯ ತೊಗರಿಯ ದೊಡ್ಡ ಶತ್ರು ನೆಟೆ ರೋಗ. 2022ರ ಹಂಗಾಮಿನಲ್ಲಿ ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ನಿಂತ ಬೆಳೆ ಒಣಗಿ ಹೋದದ್ದು ಇದರಿಂದ. ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಉಳಿಯುತ್ತದೆ. ಅದನ್ನು ತಡೆಯುವ ಮಾರುತಿ ತಳಿ 1986ರಲ್ಲಿ ಬಂತು. ನಂತರ ನೆಟೆ ಮತ್ತು ಗೊಡ್ಡು ರೋಗ ಎರಡನ್ನೂ ತಾಳುವ ಬಿಎಸ್‌ಎಂಆರ್-736ರಂಥ ತಳಿಗಳು ಬಂದವು. ವಿದೇಶಿ ಚೀಲದ ಕಾಳು ಯಾವ ತಳಿ, ಯಾವ ರೋಗ ತಾಳುತ್ತದೆ, ಯಾವ ರೋಗ ಹೊತ್ತಿದೆ ಎಂಬ ಭರವಸೆ ಯಾರೂ ಕೊಡಲಾರರು. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಗುಲಬರ್ಗಾ ತೊಗರಿಬೇಳೆಯ ಹೆಸರು ನಿಂತಿರುವುದು ಈ ನೆಲದ ತಳಿಯ ಮೇಲೆ. ಬಿತ್ತನೆ ಬೀಜವನ್ನು ರೈತ ಸಂಪರ್ಕ ಕೇಂದ್ರ, ಬೀಜ ನಿಗಮ ಅಥವಾ ಕೃಷಿ ವಿಶ್ವವಿದ್ಯಾಲಯದಿಂದಲೇ ತರಬೇಕು.

ಮನೆಯ ಕಾಳು ಕಾಯುವುದೂ ಇದೇ ಕೆಲಸದ ಭಾಗ. ತೊಗರಿ, ಹೆಸರಿನ ದುಂಬಿ ಹೊಲದಲ್ಲೇ, ಒಣಗುವ ಕಾಯಿಯ ಮೇಲೆ ಮೊಟ್ಟೆಯಿಡಲು ಶುರು ಮಾಡುತ್ತದೆ. ಕಾಳಿನ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಅಂಟಿದ್ದರೆ ಅದೇ ಮೊಟ್ಟೆ. ಮರಿ ನೇರವಾಗಿ ಕಾಳಿನೊಳಕ್ಕೆ ಕೊರೆದು, ಬೇಸಿಗೆಯಲ್ಲಿ ತಿಂಗಳೊಳಗೆ ದುಂಡನೆಯ ತೂತು ಮಾಡಿ ದುಂಬಿಯಾಗಿ ಹೊರಬರುತ್ತದೆ. ಹಲ್ಲಿನಲ್ಲಿ ಕಡಿದರೆ ಕಟ್ಟನೆ ಮುರಿಯುವಷ್ಟು ಕಾಳು ಒಣಗಿಸಿ, ಗಾಳಿಯಾಡದ ಡಬ್ಬಿ ಅಥವಾ ಚೀಲದಲ್ಲಿ ಇಟ್ಟರೆ ಹುಳು ತಾನೇ ಇದ್ದಬದ್ದ ಆಮ್ಲಜನಕ ಮುಗಿಸಿ ಸಾಯುತ್ತದೆ. ಈ ಸೀಮೆಯ ಹಿರಿಯರು ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬಿ, ಬಾಯಿ ಮುಚ್ಚಿ, ವರ್ಷಗಟ್ಟಲೆ ಉಳಿಸುತ್ತಿದ್ದುದು ಇದೇ ತತ್ವದ ಮೇಲೆ. ಹಗೇವಿಗೆ ಇಳಿಯುವ ಮೊದಲು ಒಳಗಿನ ಗಾಳಿ ಉಸಿರಾಡಲು ಆದೀತೇ ಎಂದು ನೋಡುವ ಎಚ್ಚರವೂ ಅವರಿಗಿತ್ತು.

ಅಪರಿಚಿತ ಹುಳು ಕಂಡರೆ ಮೂರು ಕೆಲಸ ಮಾಡಬೇಕು: ಆ ಲಾಟನ್ನು ಕದಲಿಸದೆ ಮುಚ್ಚಿಡಬೇಕು, ನಾಲ್ಕಾರು ಹುಳುಗಳನ್ನು ಬಿಗಿ ಮುಚ್ಚಳದ ಸೀಸೆಯಲ್ಲಿ ಹಿಡಿದು, ಲಾಟು ಎಲ್ಲಿಂದ, ಯಾವ ದಿನ ಬಂತೆಂದು ಚೀಟಿ ಬರೆಯಬೇಕು, ಅದನ್ನು ತಾಲೂಕು ಕೃಷಿ ಇಲಾಖೆಗೆ ಅಥವಾ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಬೀದರ್ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಬೇಕು. ಹೊಲದಲ್ಲಿ ಕಂಡ ಕೀಟದ ಚಿತ್ರ ಕಳಿಸಲು ಕೇಂದ್ರ ಸರ್ಕಾರ 2024ರ ಆಗಸ್ಟಿನಲ್ಲಿ ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆಯ ಮೊಬೈಲ್ ಆ್ಯಪ್ ಆರಂಭಿಸಿದೆ. ಹುಳು ಕಂಡದ್ದನ್ನು ಹೇಳಿದರೆ ಮಾಲಿಗೆ ಕೆಟ್ಟ ಹೆಸರು ಬಂದೀತೆಂಬ ಅಂಜಿಕೆ ವ್ಯಾಪಾರದಲ್ಲಿ ಸಹಜ. ಆ ಅಂಜಿಕೆ ಹೋಗಬೇಕಾದರೆ ಮೊದಲು ಹೇಳಿದವರಿಗೆ ಪೇಟೆ ಬೆಂಬಲವಾಗಿ ನಿಲ್ಲಬೇಕು.

ಇವೆಲ್ಲ ಒಬ್ಬೊಬ್ಬರ ಒಳ್ಳೆಯತನದ ಮೇಲೆ ಬಿಟ್ಟರೆ ನಡೆಯುವುದಿಲ್ಲ. ಬಸವಕಲ್ಯಾಣ ಮತ್ತು ಹುಮನಾಬಾದ್ ಎಪಿಎಂಸಿಗಳ ವರ್ತಕರು, ಮಿಲ್ಲಿನವರು, ಹಮಾಲರು, ರೈತ ಮುಖಂಡರು ಒಟ್ಟಿಗೆ ಕುಳಿತು ನಾಲ್ಕು ಮಾತಿಗೆ ಒಪ್ಪಬಹುದು. ಒಂದು, ಆಮದು ಕಾಳಿನ ಪ್ರತಿ ಲಾಟಿಗೂ ದಾಖಲೆ ಪುಸ್ತಕ ಮತ್ತು ಕ್ವಾರಂಟೈನ್ ಕಾಗದದ ನಕಲು. ಎರಡು, ಆ ಲಾಟಿನ ಬಾರದಾನ ರೈತರಿಗೆ ಮಾರಾಟವಿಲ್ಲ. ಮೂರು, ಅದರ ಜರಡಿ ಕಸ ದನದ ದಾಣಿಗೆ ಇಲ್ಲ. ನಾಲ್ಕು, ಅಂಥ ಕಾಳು ಬಿತ್ತನೆಗೆಂದು ಕೇಳಿದವರಿಗೆ ಕೊಡುವುದಿಲ್ಲ. ನಾಲ್ಕಕ್ಕೂ ಹೊಸ ಕಾನೂನು ಬೇಕಿಲ್ಲ, ಹೆಚ್ಚಿನ ಹಣವೂ ಬೇಕಿಲ್ಲ. ಮುಂದಿನ ಆಮದು ಹಂಗಾಮಿಗೆ ಮೊದಲೇ ಈ ಒಪ್ಪಂದ ಆದರೆ ಬಂದರಿನಲ್ಲಿ ಆರಂಭವಾದ ಕಾವಲು ಈ ಎರಡು ತಾಲೂಕುಗಳಲ್ಲಿ ಪೂರ್ಣವಾಗುತ್ತದೆ.